ಹಳೆಯ ಲಾರಿಯ ಬೋಲ್ಟು-ನಟ್ಟುಗಳು: ಗುರುತಿಸುವ ಬಗೆ, ಶುಚಿಗೊಳಿಸುವ ಬಗೆ

ಮುಂಬಯಿ ಕನ್ನಡಿಗರೆಂದೊಡನೆ ಹೋಟೆಲು ಉದ್ಯಮ, ಬ್ಯಾಂಕು, ರಾತ್ರಿಶಾಲೆಗಳು ಸ್ಮರಣೆಗೆ ಬರುವುದು ಸಹಜ. ಲಾರಿಯ ಚುಕ್ಕಾಣಿ ಹಿಡಿದು ಈ ಮಹಾನಗರವನ್ನು ಪ್ರವೇಶಿಸಿದವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನನ್ನ ಆತ್ಮೀಯ ಮಿತ್ರರೊಬ್ಬರ ತೀರ್ಥರೂಪರು ಅಂಥವರಲ್ಲೊಬ್ಬರು. ಹುಬ್ಬಳ್ಳಿಯಿಂದ ಮುಂಬಯಿಗೆ ಹತ್ತಿಯ ಹೊರೆ ಸಾಗಿಸುತ್ತಿದ್ದ ಅವರ 1950ರ ದಶಕದ ಫಾರ್ಗೊ ಲಾರಿಯು ಕಲ್ಯಾಣದ ಆಚೆಗಿನ ತಗಡಿನ ಕೊಟ್ಟಿಗೆಯೊಂದರಲ್ಲಿ ಮೂರು ದಶಕಗಳಿಗೂ ಮಿಕ್ಕಿ ನಿಂತಲ್ಲೇ ನಿಂತಿತ್ತು. ಹಿರಿಯರಿಗೀಗ ಎಂಬತ್ತೆಂಟು. ‘ಅದರ ಸದ್ದು ಇನ್ನೊಮ್ಮೆ ಕೇಳಿಸಿರಪ್ಪಾ’ ಎಂದು ಅವರು ಮಗನಲ್ಲಿ ಕೇಳಿಕೊಂಡ ಒಂದು ಮಾತಿನಿಂದ, ಕಲಾ ವಿಭಾಗದ ಪದವಿ ಪಡೆದು ಬ್ಯಾಂಕಿನ ಲೆಕ್ಕಪತ್ರಗಳಲ್ಲೇ ಆಯುಷ್ಯ ಸವೆಸಿದ ನನ್ನಂಥವನೂ ಕಳೆದೆರಡು ವರ್ಷಗಳ ಭಾನುವಾರಗಳನ್ನು ತುಕ್ಕು ಹಿಡಿದ ಬೋಲ್ಟುಗಳ ಸಹವಾಸದಲ್ಲಿ ಕಳೆಯುವಂತಾಯಿತು.

ಎಂಜಿನನ್ನು ಬಿಚ್ಚುವುದು, ಬಣ್ಣ ಬಳಿಯುವುದು ಮುಂತಾದವು ನೋಡುಗರ ಕಣ್ಣಿಗೆ ದೊಡ್ಡ ಕೆಲಸಗಳು. ಆದರೆ ಇಂಥ ವಾಹನವೊಂದರ ಪುನರುಜ್ಜೀವನದಲ್ಲಿ ಹೆಚ್ಚಿನ ಕಾಲವನ್ನೂ ತಾಳ್ಮೆಯನ್ನೂ ಬೇಡುವುದು ಅದರ ನೂರಾರು ಬೋಲ್ಟು, ನಟ್ಟು, ಸ್ಟಡ್ಡುಗಳೇ. ಅಜ್ಜನ ಕಾಲದ ಫಿಯಟ್ ಕಾರನ್ನೋ ಸ್ಕೂಟರನ್ನೋ ಜೀವ ಉಳಿಸಿಕೊಂಡು ಇಟ್ಟುಕೊಂಡಿರುವ ಕುಟುಂಬಗಳು ನಮ್ಮ ಸಂಘದಲ್ಲೂ ಇರುವುದರಿಂದ, ನಾವು ಕಲಿತದ್ದನ್ನು, ಅದರಲ್ಲೂ ಕೆಡಿಸಿ ಕಲಿತದ್ದನ್ನು, ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲ ದಿನವೇ ನಮಗೆ ಅರಿವಾದ ಸಂಗತಿಯೆಂದರೆ, ಬೋಲ್ಟು ಎಂಬುದು ಒಂದೇ ಜಾತಿಯಲ್ಲ. ಬೋಲ್ಟಿನ ಮೈಮೇಲೆ ಸುರುಳಿ ಸುತ್ತಿದ ಎಳೆಯನ್ನು ಮುಂಬಯಿಯ ಗ್ಯಾರೇಜುಗಳಲ್ಲಿ ‘ಚೂಡಿ’ ಎನ್ನುತ್ತಾರೆ, ಎಂದರೆ ಬಳೆ. ಮರಾಠಿಯ ಮಿಸ್ತ್ರಿಗಳ ಬಾಯಲ್ಲಿ ಅದು ‘ಆಟೆ’. ನಾನಿಲ್ಲಿ ಎಳೆ ಎಂದೇ ಕರೆಯುತ್ತೇನೆ. ಈ ಎಳೆಗಳ ಕೋನ, ಒಂದಿಂಚಿನಲ್ಲಿ ಬರುವ ಎಳೆಗಳ ಸಂಖ್ಯೆ, ತುದಿಯ ಆಕಾರ, ಇವು ದೇಶದಿಂದ ದೇಶಕ್ಕೆ ಬೇರೆಯಾಗಿದ್ದವು.

ಇದರ ಹಿಂದಿರುವ ಇತಿಹಾಸ ಸ್ವಾರಸ್ಯಕರವಾದುದು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಮ್ಮ ದೇಶದ ನಾನಾ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ತಿರುಪುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿಯನ್ನು ಕಂಡುಕೊಂಡು, 55 ಡಿಗ್ರಿ ಕೋನದ, ಗುಂಡಗಾದ ತುದಿಯ ಎಳೆಯೊಂದನ್ನು ಮಾನಕವಾಗಿ ಮುಂದಿಟ್ಟರು. ಅದೇ ಬಿ.ಎಸ್.ಡಬ್ಲ್ಯೂ. ಮೋಟಾರು ವಾಹನಗಳ ಕಾಲ ಬಂದಾಗ ಒರಟಾದ ಆ ಎಳೆ ಕುಲುಕಾಟಕ್ಕೆ ಸಡಿಲಗೊಳ್ಳುವುದೆಂದು ಕಂಡು, ಅದೇ ಕೋನದ ಸಣ್ಣ ಎಳೆಯಾದ ಬಿ.ಎಸ್.ಎಫ್. 1908ರಲ್ಲಿ ಬಂದಿತು. ಅತ್ತ ಅಮೆರಿಕದಲ್ಲಿ 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್, ಗುಂಡಗಿನ ತುದಿಯನ್ನು ಕೊರೆಯುವುದು ಸಾಮಾನ್ಯ ಕೆಲಸಗಾರನಿಗೆ ಕಷ್ಟವೆಂದು ವಾದಿಸಿ, 60 ಡಿಗ್ರಿಯ, ಚಪ್ಪಟೆ ತುದಿಯ ಎಳೆಯನ್ನು ಪ್ರತಿಪಾದಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಾಹನಗಳು ಒಂದೇ ರಣರಂಗದಲ್ಲಿ ಓಡಿದರೂ ಒಂದರ ನಟ್ಟು ಇನ್ನೊಂದಕ್ಕೆ ಹೊಂದದೆ ಪಟ್ಟ ಪಾಡಿನ ಫಲವಾಗಿ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಒಡಂಬಡಿಕೆಯೊಂದಕ್ಕೆ ಬಂದವು. ಅದರಿಂದ ಹುಟ್ಟಿದವೇ ಇಂದಿಗೂ ಬಳಕೆಯಲ್ಲಿರುವ ಯು.ಎನ್.ಸಿ. ಎಂಬ ಒರಟು ಎಳೆ ಮತ್ತು ಯು.ಎನ್.ಎಫ್. ಎಂಬ ಸಣ್ಣ ಎಳೆ. ಕೋನ ಅಮೆರಿಕದ 60 ಡಿಗ್ರಿಯೇ ಉಳಿಯಿತು. ಯೂರೋಪಿನ ಮೆಟ್ರಿಕ್ ಎಳೆಯ ಕೋನವೂ 60 ಡಿಗ್ರಿಯೇ, ಅಳತೆ ಮಾತ್ರ ಮಿಲಿಮೀಟರು.

ಈ ಮೂರು ಪರಂಪರೆಗಳೂ ನಮ್ಮ ದೇಶದ ರಸ್ತೆಗಳಿಗೆ ಬಂದು ಸೇರಿದವು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಿದ್ಧಪಡಿಸಿದ ಡಾಡ್ಜ್, ಫಾರ್ಗೊ, ಡಿ ಸೊಟೊ ಲಾರಿಗಳು ಅಮೆರಿಕದ ಕ್ರೈಸ್ಲರ್ ವಿನ್ಯಾಸದವು. ಮದರಾಸಿನ ಎಣ್ಣೂರಿನಿಂದ ಹೊರಬಂದ ಲೇಲ್ಯಾಂಡ್ ಕಾಮೆಟ್ ಬ್ರಿಟಿಷ್ ಸಂತಾನ. 1954ರಿಂದ ಜಮ್‌ಶೆಡ್‌ಪುರದಲ್ಲಿ ತಯಾರಾದ ಟಾಟಾ-ಮರ್ಸಿಡಿಸ್ ಬೆಂಜ್ ಜರ್ಮನಿಯ ಮೆಟ್ರಿಕ್ ವಂಶದ್ದು. ಹಳೆಯ ಲಾರಿಯ ತಯಾರಕರ ಹೆಸರನ್ನರಿತರೆ ಅದರ ಬೋಲ್ಟುಗಳ ಕುಲಗೋತ್ರವನ್ನು ಅರ್ಧ ಅರಿತಂತೆಯೇ.

ಅರ್ಧ ಮಾತ್ರ, ಏಕೆಂದರೆ ನಮ್ಮ ಲಾರಿಯನ್ನೇ ನೋಡಿ. ಚಾಸಿಸ್ಸು ಅಮೆರಿಕದ ವಿನ್ಯಾಸ; ಎಂಜಿನ್ನು ಬ್ರಿಟನ್ನಿನ ಪರ್ಕಿನ್ಸ್ ಪಿ-6 ಡೀಸೆಲ್. ಹೀಗಾಗಿ ಕ್ಯಾಬಿನ್ನು, ಸ್ಪ್ರಿಂಗು, ಆಕ್ಸಲ್‌ಗಳಲ್ಲಿ ಯು.ಎನ್.ಎಫ್., ಯು.ಎನ್.ಸಿ.ಗಳೂ, ಎಂಜಿನ್ನಿನಲ್ಲಿ ಬಿ.ಎಸ್.ಎಫ್., ಬಿ.ಎಸ್.ಡಬ್ಲ್ಯೂ.ಗಳೂ ಇವೆ. ಬ್ರಿಟಿಷ್ ವಿದ್ಯುತ್ ಉಪಕರಣಗಳ ಪುಟ್ಟ ತಿರುಪುಗಳಲ್ಲಿ ಬಿ.ಎ. ಎಂಬ ನಾಲ್ಕನೆಯದೊಂದು ಬಗೆ, ನಲವತ್ತೇಳೂವರೆ ಡಿಗ್ರಿಯದು. ಅದರ ‘0 ಬಿ.ಎ.’ ಎಂಬ ಅಳತೆ ಸರಿಯಾಗಿ 6 ಮಿ.ಮೀ. ದಪ್ಪ, 1 ಮಿ.ಮೀ. ಅಂತರ! ಬ್ರಿಟಿಷರು ಮೆಟ್ರಿಕ್ ಪದ್ಧತಿಯನ್ನು ಗುಟ್ಟಾಗಿ ಬಳಸಿ ಬೇರೆ ಹೆಸರಿಟ್ಟಂತೆ ನನಗೆ ತೋರಿತು. ಇವೆಲ್ಲವುಗಳ ಮೇಲೆ, ಲಾರಿ ಓಡಿದ ವರ್ಷಗಳಲ್ಲಿ ಹೆದ್ದಾರಿಯ ಬದಿಯ ಮಿಸ್ತ್ರಿಗಳು ಕೈಗೆ ಸಿಕ್ಕಿದ ಬೋಲ್ಟನ್ನು ಕೂರಿಸಿ ಕಳುಹಿಸಿದ ಫಲವಾಗಿ ಸೇರಿಕೊಂಡ ಮೆಟ್ರಿಕ್ ಬೋಲ್ಟುಗಳು ಬೇರೆ. ಅವರನ್ನು ದೂರಲಾರೆ, ಹೊರೆ ಹೊತ್ತ ಲಾರಿಯನ್ನು ಆ ರಾತ್ರಿ ಮುಂದಕ್ಕೆ ಕಳುಹಿಸುವುದೇ ಅವರ ಧರ್ಮವಾಗಿತ್ತು.

ಗುರುತಿಸುವ ಕೆಲಸಕ್ಕೆ ಬೇಕಾದ ಸಲಕರಣೆ ಎರಡೇ. ಒಂದು ವರ್ನಿಯರ್ ಕ್ಯಾಲಿಪರ್, ಇನ್ನೊಂದು ಪಿಚ್ ಗೇಜ್. ಪಿಚ್ ಗೇಜ್ ಎಂದರೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ, ಗರಗಸದ ಹಲ್ಲುಗಳಿರುವ ಉಕ್ಕಿನ ತೆಳು ಎಲೆಗಳ ಕಟ್ಟು. 55 ಡಿಗ್ರಿಯದೊಂದು, 60 ಡಿಗ್ರಿಯದೊಂದು, ಮೆಟ್ರಿಕ್‌ನದೊಂದು, ಹೀಗೆ ಮೂರು ಕಟ್ಟುಗಳಿರಬೇಕು. ಮೊದಲು ಬೋಲ್ಟಿನ ದಪ್ಪವನ್ನು ಅಳೆಯಿರಿ. ಸವೆತದಿಂದಾಗಿ ಅಳತೆ ಹೆಸರಿಗಿಂತ ತುಸು ಕಡಿಮೆಯೇ ಬರುವುದು, ಹೆಚ್ಚು ಬಾರದು. 9.4 ಮಿ.ಮೀ. ಬಂದರೆ ಅದು 3/8 ಇಂಚಿನದು, 9.8 ಬಂದರೆ 10 ಮಿ.ಮೀ.ನದು. ಅನಂತರ ಎಲೆಗಳನ್ನು ಒಂದೊಂದಾಗಿ ಎಳೆಗಳ ಮೇಲಿಟ್ಟು ಬೆಳಕಿಗೆ ಹಿಡಿಯಬೇಕು. ಎಲೆಯ ಹಲ್ಲಿಗೂ ಬೋಲ್ಟಿನ ಎಳೆಗೂ ನಡುವೆ ಬೆಳಕು ನುಸುಳದಿದ್ದರೆ ಜಾತಕ ಕೂಡಿಬಂದಿತೆಂದು ತಿಳಿಯಬಹುದು.

ಗೇಜ್ ಇಲ್ಲದವರಿಗೂ ದಾರಿಯಿದೆ. ಗುರುತು ತಿಳಿದ ಹೊಸ ಬೋಲ್ಟೊಂದನ್ನು ಗುರುತು ತಿಳಿಯದ ಬೋಲ್ಟಿಗೆ ಎಳೆಗೆ ಎಳೆ ತಾಗಿಸಿ ಹಿಡಿದು ನೋಡುವುದು ಒಂದು. ಇನ್ನೊಂದು ನಮ್ಮ ಬ್ಯಾಂಕಿನ ಬುದ್ಧಿ: ಬಿಳಿ ಹಾಳೆಯ ಮೇಲೆ ಕಾರ್ಬನ್ ಕಾಗದವಿರಿಸಿ ಬೋಲ್ಟನ್ನು ಒತ್ತಿದರೆ ಎಳೆಗಳ ಗೆರೆ ಮೂಡುವುದು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಒಂದಿಂಚಿಗೆ ಎಷ್ಟೆಂದು ಎಣಿಸಬಹುದು. ಡ್ರಾಯರಿನ ಮೂಲೆಯಲ್ಲಿ ಉಳಿದಿದ್ದ ಕಾರ್ಬನ್ ಕಾಗದಕ್ಕೆ ಇಷ್ಟು ವರ್ಷಗಳ ಮೇಲೆ ಉದ್ಯೋಗ ದೊರೆಯಿತು.

ಎಣಿಸಿದ ಮೇಲೆ ಹೋಲಿಸಬೇಕು. 3/8 ಇಂಚಿನ ಬೋಲ್ಟಿನಲ್ಲಿ ಇಂಚಿಗೆ 24 ಎಳೆಗಳಿದ್ದರೆ ಯು.ಎನ್.ಎಫ್., 20 ಇದ್ದರೆ ಬಿ.ಎಸ್.ಎಫ್. ಅಂತೆಯೇ 5/16ರಲ್ಲಿ 24 ಮತ್ತು 22, 1/4ರಲ್ಲಿ 28 ಮತ್ತು 26. ಸಣ್ಣ ಎಳೆಗಳಲ್ಲಿ ಗೊಂದಲವಿಲ್ಲ. ಒಂದರ ನಟ್ಟು ಇನ್ನೊಂದರ ಮೇಲೆ ಒಂದೆರಡು ಸುತ್ತಿಗೇ ಮುಷ್ಕರ ಹೂಡುತ್ತದೆ. ಅಪಾಯವಿರುವುದು ಒರಟು ಎಳೆಗಳಲ್ಲಿ. ಬಿ.ಎಸ್.ಡಬ್ಲ್ಯೂ. ಮತ್ತು ಯು.ಎನ್.ಸಿ.ಗಳಲ್ಲಿ 1/4, 5/16, 3/8, 7/16 ಇಂಚುಗಳಿಗೆ ಕ್ರಮವಾಗಿ 20, 18, 16, 14 ಎಳೆಗಳು, ಎರಡರಲ್ಲೂ ಒಂದೇ! ಅರ್ಧ ಇಂಚಿಗೆ ಬಂದಾಗ ಮಾತ್ರ 12 ಮತ್ತು 13 ಎಂದು ಬೇರಾಗುತ್ತವೆ. ಹೀಗಾಗಿ ವಿಟ್‌ವರ್ತ್ ಬೋಲ್ಟಿನ ಮೇಲೆ ಅಮೆರಿಕದ ನಟ್ಟು ಕೈಯಿಂದಲೇ ಸಲೀಸಾಗಿ ಏರಿಬಿಡುವುದು. ಆದರೆ ಕೋನಗಳು ಬೇರೆಯಾದುದರಿಂದ ಎಳೆಯ ಇಡೀ ಪಾರ್ಶ್ವ ಭಾರ ಹೊರದೆ, ಅಂಚೊಂದು ಮಾತ್ರ ಹೊರುತ್ತದೆ.

ಈ ಮಾತಿನ ಗಂಭೀರತೆ ನಮಗೆ ಮನವರಿಕೆಯಾದುದು ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಆಧಾರದ ಬ್ರ್ಯಾಕೆಟ್ಟನ್ನು ಬಿಚ್ಚಿದಾಗ. ಅದರ ಎರಡು 3/8 ಬೋಲ್ಟುಗಳಲ್ಲೊಂದು ಅಮೆರಿಕದ್ದು, ಇನ್ನೊಂದು ವಿಟ್‌ವರ್ತ್, ನಟ್ಟುಗಳೆರಡೂ ಯು.ಎನ್.ಸಿ. ಹೊರಗಿನಿಂದ ನೋಡಿದರೆ ಯಾವ ದೋಷವೂ ಕಾಣದು. ವಿಟ್‌ವರ್ತ್ ಬೋಲ್ಟಿನ ನಟ್ಟನ್ನು ತಿರುಗಿಸಿ ತೆಗೆದಾಗ ಅದರೊಳಗಿನಿಂದ ಕೊಬ್ಬರಿ ತುರಿಯಂತೆ ಉಕ್ಕಿನ ಚೂರುಗಳು ಉದುರಿದವು. ಎಳೆಗಳು ಅರ್ಧಕ್ಕರ್ಧ ಕಿತ್ತುಬಂದಿದ್ದವು. ಓಡುತ್ತಿರುವ ಲಾರಿಯಲ್ಲಿ ಆ ಆಧಾರ ಕಳಚಿದರೆ ತಿರುಗುವ ಶಾಫ್ಟು ನೆಲಕ್ಕೆ ಬಡಿಯುತ್ತದೆ. ಖಂಡಾಲಾ ಘಾಟಿಯನ್ನು ಹತ್ತಾರು ಸಲ ಆ ಬೋಲ್ಟಿನ ಮೇಲೆಯೇ ಇಳಿದಿದ್ದ ಹಿರಿಯರು ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು, ಏನನ್ನೂ ಹೇಳಲಿಲ್ಲ.

ಮೆಟ್ರಿಕ್ ಮತ್ತು ಇಂಚುಗಳ ನಡುವಿನ ಹತ್ತಿರದ ಸಂಬಂಧವೂ ಮೋಸಗೊಳಿಸುವಂಥದ್ದು. 5/16 ಇಂಚು ಎಂದರೆ 7.94 ಮಿ.ಮೀ., ಹೆಚ್ಚುಕಡಿಮೆ 8. ಆದರೆ ಎಳೆಗಳ ಅಂತರ ಬೇರೆ. ನಾನು ಬ್ಯಾಂಕಿಗೆ ಸೇರಿದಾಗ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದಾಗಿನ ಪಜೀತಿಯನ್ನು ವರ್ಣಿಸುತ್ತಿದ್ದರು. ಒಂದಾಣೆಗೆ ಆರೂಕಾಲು ನಯಾಪೈಸೆ. ಕೊಡುವವನು ಆರೆನ್ನುತ್ತಾನೆ, ಪಡೆಯುವವನು ಏಳೆನ್ನುತ್ತಾನೆ. ಅಲ್ಲಿ ಕಾಲು ಪೈಸೆಯ ಜಗಳ ಕೌಂಟರಿನಲ್ಲೇ ಮುಗಿಯುತ್ತಿತ್ತು. ಇಲ್ಲಿ ‘ಇರಲಿ, ಹತ್ತಿರವಿದೆ’ ಎಂದು ಪಾನಾದ ಬಲದಿಂದ ಏರಿಸಿದರೆ ಎರಡೂ ಎಳೆಗಳು ಸತ್ತಂತೆ. ಸರಿಯಾದ ನಟ್ಟು ಕೊನೆಯವರೆಗೂ ಬೆರಳಿನಿಂದಲೇ ಏರಬೇಕು. ಏರದಿದ್ದರೆ ಕೊಳೆಯಿರಬೇಕು, ಇಲ್ಲವೇ ಜಾತಿ ಬೇರೆಯಿರಬೇಕು; ಬಲಪ್ರಯೋಗ ಎರಡಕ್ಕೂ ಔಷಧವಲ್ಲ.

ಪಾನಾಗಳ ವಿಚಾರವನ್ನೂ ಹೇಳಬೇಕು. ವಿಟ್‌ವರ್ತ್ ಪಾನಾದ ಮೇಲೆ ಕೆತ್ತಿರುವ ಸಂಖ್ಯೆ ಅದರ ಬಾಯಿಯ ಅಗಲವಲ್ಲ, ಅದು ಹಿಡಿಯಬೇಕಾದ ಬೋಲ್ಟಿನ ದಪ್ಪ. ಹೀಗಾಗಿ 5/16 ಬಿ.ಎಸ್.ಎಫ್. ಬೋಲ್ಟಿನ ತಲೆ 0.525 ಇಂಚು, ಎಂದರೆ 13.3 ಮಿ.ಮೀ. ಅಗಲ. 13ರ ಪಾನಾ ಹೋಗದು, 14ರದು ಜಾರಿ ತಲೆಯ ಮೂಲೆಗಳನ್ನು ಬೋಳಿಸುವುದು. ಚೋರ್ ಬಜಾರಿನಲ್ಲಿ ಹುಡುಕಿ ತಂದ ಹಳೆಯ ಪಾನಾಗಳ ಕಟ್ಟೊಂದು ನಮಗೆ ಬಂಗಾರದಷ್ಟೇ ಅಮೂಲ್ಯವಾಯಿತು. ಅಮೆರಿಕದ ಬೋಲ್ಟುಗಳಿಗೆ ಬಾಯಿಯ ಅಗಲವೇ ಗುರುತು: ಅರ್ಧ ಇಂಚು, 9/16, 3/4, ಇತ್ಯಾದಿ. 3/4 ಇಂಚಿಗೆ 19 ಮಿ.ಮೀ. ಪಾನಾ ಚೆನ್ನಾಗಿಯೇ ಹಿಡಿಯುವುದು, ಆದರೆ ಅರ್ಧ ಇಂಚಿಗೆ 13 ಸಡಿಲ.

ಬೋಲ್ಟಿನ ತಲೆಯನ್ನು ಓದಲು ಮರೆಯಬಾರದು. ಅಮೆರಿಕದ ಬೋಲ್ಟಿನ ತಲೆಯಲ್ಲಿ ನಡುವಿನಿಂದ ಹೊರಟ ಮೂರು ಗೆರೆಗಳಿದ್ದರೆ ಐದನೆಯ ದರ್ಜೆ, ಆರಿದ್ದರೆ ಎಂಟನೆಯ ದರ್ಜೆ. ಏನೂ ಇಲ್ಲದಿದ್ದರೆ ಸಾಧಾರಣ ಉಕ್ಕೆಂದೇ ಭಾವಿಸತಕ್ಕದ್ದು. ಮೆಟ್ರಿಕ್‌ನಲ್ಲಿ 8.8, 10.9 ಎಂದು ಅಂಕಿಗಳಿರುತ್ತವೆ. ಬ್ರಿಟಿಷ್ ಬೋಲ್ಟಿನಲ್ಲಿ ಒಂದಕ್ಕೊಂದು ತಾಗಿದ ಪುಟ್ಟ ವೃತ್ತಗಳೋ ತಲೆಯ ಮೇಲೆ ದುಂಡನೆಯ ತಗ್ಗೋ ಕಂಡರೆ ಅದು 1948ರ ಒಡಂಬಡಿಕೆಯ ನಂತರದ ಎಳೆ. ಮೂರು ಗೆರೆಯ ಬೋಲ್ಟಿದ್ದ ಜಾಗಕ್ಕೆ ಗೆರೆಯಿಲ್ಲದ್ದನ್ನು ಹಾಕುವುದು ಗಾತ್ರ ಸರಿಯಿದ್ದರೂ ತಪ್ಪು.

ಇನ್ನು ನನ್ನದೇ ಪ್ರಮಾದ. ಎಡಗಡೆಯ ಹಿಂದಿನ ಚಕ್ರದ ನಟ್ಟು ಜಗ್ಗಲಿಲ್ಲ. ಪಾನಾಕ್ಕೆ ನಾಲ್ಕಡಿಯ ಕೊಳವೆ ಸಿಕ್ಕಿಸಿ ಅದರ ಮೇಲೆ ನಿಂತೆ. ‘ಟಕ್’ ಎಂದಿತು, ಸಡಿಲವಾಯಿತೆಂದು ಹಿಗ್ಗಿದರೆ ಸ್ಟಡ್ಡೇ ಮುರಿದು ಕೈಗೆ ಬಂದಿತ್ತು. ಹಳೆಯ ಕ್ರೈಸ್ಲರ್ ಸಂತತಿಯ ವಾಹನಗಳಲ್ಲಿ, ಚಕ್ರ ತಿರುಗುವ ದಿಕ್ಕಿನಿಂದ ನಟ್ಟು ಸಡಿಲಗೊಳ್ಳದಿರಲೆಂದು, ಎಡಬದಿಯ ಚಕ್ರಗಳಿಗೆ ಎಡಗೈ ಎಳೆಗಳಿರುತ್ತವೆ. ನಾನು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಿದ್ದೆ. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಎಂಬ ಅಕ್ಷರವಿತ್ತು, ಬಣ್ಣದ ಪದರದಡಿಯಲ್ಲಿ. ಬಿಚ್ಚುವ ಮುನ್ನ ತುದಿಯನ್ನು ಕೆರೆದು ನೋಡಿದ್ದರೆ ಸಾಕಿತ್ತು. ಹಿರಿಯರು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವರು, ‘ಎಡಗಡೆಯದು ಉಲ್ಟಾ ಅಂತ ಕೇಳಿದ್ದರೆ ಹೇಳುತ್ತಿದ್ದೆನಲ್ಲ’ ಎಂದರು.

ಬಿಗಿದುಕೊಂಡ ನಟ್ಟಿಗೆ ಮೊದಲ ಔಷಧ ಕಾಲ. ತಂತಿಯ ಬ್ರಷ್ಷಿನಿಂದ ಹೊರಚಾಚಿದ ಎಳೆಗಳನ್ನು ಉಜ್ಜಿ, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಬಿಟ್ಟು, ಒಂದು ವಾರ ದಿನಕ್ಕೊಮ್ಮೆ ಮರುಕಳಿಸಬೇಕು. ಆಮೇಲೆ ಸುತ್ತಿಗೆಯಿಂದ ನಟ್ಟಿನ ಬದಿಗೆ ಮೆಲ್ಲನೆ ತಟ್ಟಿ, ಕಾಲು ಸುತ್ತು ಬಿಚ್ಚಿ, ಮತ್ತೆ ತುಸು ಬಿಗಿದು, ಹೀಗೆ ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು. ಇದಕ್ಕೂ ಬಗ್ಗದಿದ್ದರೆ ನಟ್ಟನ್ನು ಬಿಸಿಮಾಡುವುದು. ಬಿಸಿಗೆ ನಟ್ಟು ಹಿಗ್ಗಿ ಹಿಡಿತ ಸಡಿಲಿಸುತ್ತದೆ. ಡೀಸೆಲ್ ಟ್ಯಾಂಕು, ಬ್ರೇಕಿನ ಕೊಳವೆ, ಟೈರುಗಳ ಸಮೀಪದಲ್ಲಿ ಬೆಂಕಿಯ ಮಾತೇ ಸಲ್ಲದು.

ಬಿಚ್ಚಿದ್ದನ್ನೆಲ್ಲ ಒಂದೇ ಡಬ್ಬಕ್ಕೆ ಸುರಿಯುವ ಮೋಹವನ್ನು ಜಯಿಸಬೇಕು. ಮೊಟ್ಟೆಯ ತಟ್ಟೆಗಳಲ್ಲಿ ಗುಳಿಗೊಂದರಂತೆ ಇರಿಸಿ, ಚೀಟಿ ಅಂಟಿಸಿ, ಛಾಯಾಚಿತ್ರ ತೆಗೆದಿಡುವುದು ಉತ್ತಮ. ಎಂಜಿನ್ನಿನ ಸ್ಟಡ್ಡುಗಳಲ್ಲಂತೂ ಎರಡು ತುದಿಗಳಿಗೂ ಬೇರೆ ಬೇರೆ ಎಳೆಗಳಿರುವುದುಂಟು: ಎರಕದ ಕಬ್ಬಿಣದೊಳಗೆ ಹೋಗುವ ತುದಿಗೆ ಒರಟು, ನಟ್ಟು ಕೂರುವ ತುದಿಗೆ ಸಣ್ಣದು. ಎರಕ ಪೆಡಸು, ಸಣ್ಣ ಎಳೆಗಳು ಅದರಲ್ಲಿ ಬೇಗ ಉದುರುತ್ತವೆ.

ಶುಚಿಗೊಳಿಸುವಿಕೆಯಲ್ಲಿ ಮೊದಲು ಜಿಡ್ಡು, ಅನಂತರ ತುಕ್ಕು. ಜಿಡ್ಡಿಗೆ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಪೆಟ್ರೋಲು ಬೇಡ, ಅದರ ಆವಿ ಕಿಡಿಗಾಗಿ ಕಾದಿರುತ್ತದೆ. ತುಕ್ಕಿಗೆ ನಮಗೆ ಹಿಡಿಸಿದ್ದು ಕಾಕಂಬಿ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿ ಎರಡು ವಾರ ಬಿಟ್ಟರೆ ತುಕ್ಕು ಕರಗಿ ಬೂದುಬಣ್ಣದ ಉಕ್ಕು ಕಾಣಿಸಿಕೊಳ್ಳುತ್ತದೆ. ವಾಸನೆ ಮಾತ್ರ ಅಸಹನೀಯ. ಅದನ್ನು ವಸತಿ ಸಂಕೀರ್ಣದ ಬಾಲ್ಕನಿಯಲ್ಲಿ ಪ್ರಯೋಗಿಸಿದ ನನಗೆ ಅಕ್ಕಪಕ್ಕದವರಿಂದಲೂ ಗೃಹಿಣಿಯಿಂದಲೂ ಏಕಕಾಲದಲ್ಲಿ ನೋಟಿಸು ಬಂದಿತು. ಅವಸರವಿದ್ದಾಗ ವಿದ್ಯುತ್ತಿನ ವಿಧಾನವನ್ನು ಅನುಸರಿಸಿದೆವು: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾದ ನೀರು, ಬೋಲ್ಟಿಗೆ ಬ್ಯಾಟರಿ ಚಾರ್ಜರಿನ ಋಣ ತಂತಿ, ಹಳೆಯ ಕಬ್ಬಿಣದ ತಗಡಿಗೆ ಧನ ತಂತಿ. ಬಯಲಿನಲ್ಲೇ ಮಾಡಬೇಕು, ಏಕೆಂದರೆ ಹೊರಡುವುದು ಜಲಜನಕ. ತಗಡಿನ ಬದಲು ಅಡುಗೆಮನೆಯ ಸ್ಟೀಲ್ ಚಮಚವನ್ನು ಬಳಸಕೂಡದು; ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹಿತ್ತಾಳೆಯ ಯೂನಿಯನ್ನುಗಳಿಗೆ ನಮ್ಮ ಹಳೆಯ ಹುಣಸೆಹುಳಿಯೇ ಸಾಕು.

ಇಲ್ಲೊಂದು ಎಚ್ಚರಿಕೆಯ ಮಾತು, ಬಲ್ಲ ಮೆಕ್ಯಾನಿಕರೂ ಮರೆಯುವಂಥದು. ಗಡಸು ಉಕ್ಕಿನ ಬೋಲ್ಟುಗಳನ್ನು, ಎಂದರೆ ಆರು ಗೆರೆಯ, 10.9 ಅಂಕಿಯವುಗಳನ್ನು, ಆಮ್ಲದಲ್ಲಾಗಲಿ ವಿದ್ಯುತ್ ಬಕೆಟ್ಟಿನಲ್ಲಾಗಲಿ ಮುಳುಗಿಸಬಾರದು. ಆ ಕ್ರಿಯೆಯಲ್ಲಿ ಹುಟ್ಟುವ ಜಲಜನಕ ಉಕ್ಕಿನೊಳಕ್ಕೆ ಇಳಿದು ಅದನ್ನು ಪೆಡಸಾಗಿಸುತ್ತದೆ. ಬೋಲ್ಟು ಹೊಳೆಯುತ್ತಿರುತ್ತದೆ, ಬಿಗಿದಾಗಲೂ ಸುಮ್ಮನಿರುತ್ತದೆ. ಕೆಲವು ಗಂಟೆಗಳೋ ದಿನಗಳೋ ಕಳೆದ ಮೇಲೆ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಅಂಥವಕ್ಕೆ ಸೀಮೆಎಣ್ಣೆ ಮತ್ತು ಬ್ರಷ್ಷೇ ಗತಿ. ಹಾಗೆಯೇ ಹಳೆಯ ಬೋಲ್ಟುಗಳ ಮಸುಕು ಬೆಳ್ಳಿ ಅಥವಾ ಹೊಂಬಣ್ಣದ ಲೇಪ ಕ್ಯಾಡ್ಮಿಯಂ ಆಗಿರುವುದುಂಟು. ಅದನ್ನು ತಿರುಗುವ ಬ್ರಷ್ಷಿಗೆ ಒಡ್ಡಿದರೆ ಏಳುವ ಧೂಳು ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಹಾನಿಕರ.

ಮುಚ್ಚಿದ ರಂಧ್ರಗಳ ಎಳೆಗಳನ್ನು ತೆರವುಗೊಳಿಸಲು ಹೊಸ ಟ್ಯಾಪನ್ನು ಬಳಸಿದರೆ ಅದು ಕೊಳೆಯೊಡನೆ ಲೋಹವನ್ನೂ ಕೊರೆಯುತ್ತದೆ. ಬದಲಿಗೆ ಅದೇ ಜಾತಿಯ ಬೋಲ್ಟೊಂದರ ಮೈಯುದ್ದಕ್ಕೆ ಗರಗಸದಿಂದ ಎರಡು ಮೂರು ಗೀರು ಎಳೆದು, ಎಣ್ಣೆ ಹಚ್ಚಿ, ಕೈಯಿಂದ ತಿರುಗಿಸಿ ಇಳಿಸಿದರೆ ಕೊಳೆ ಆ ಗೀರುಗಳಲ್ಲಿ ಕೂಡಿಕೊಂಡು ಹೊರಬರುವುದು. ತಳವಿರುವ ರಂಧ್ರದಲ್ಲಿ ಎಣ್ಣೆ ನಿಲ್ಲಲು ಬಿಡಬಾರದು. ಎಣ್ಣೆ ಕುಗ್ಗದು; ಬೋಲ್ಟು ಬಿಗಿದಾಗ ಅದರ ಒತ್ತಡಕ್ಕೆ ಎರಕವೇ ಬಿರಿಯಬಲ್ಲದು.

ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂಬಲ್ಲಿ ನಮ್ಮಲ್ಲಿ ವಾಗ್ವಾದಗಳಾದವು. ಮಿತ್ರರಿಗೆ ತಂದೆಯ ಕೈ ತಾಗಿದ ಪ್ರತಿಯೊಂದು ಬೋಲ್ಟೂ ಪೂಜ್ಯ. ಕ್ಯಾಬಿನ್ನು, ಫೆಂಡರು, ಹಾಸುಹಲಗೆಗಳ ವಿಷಯದಲ್ಲಿ ನಾನೂ ಒಪ್ಪಿದೆ. ಆದರೆ ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗಿನ ಯು-ಬೋಲ್ಟು, ಚಕ್ರ, ಪ್ರೊಪೆಲ್ಲರ್ ಶಾಫ್ಟುಗಳಲ್ಲಿ ಭಾವನೆಗೆ ಆಸ್ಪದವಿಲ್ಲ. ಎಳೆಗಳ ಭಾಗದಲ್ಲಿ ಸೊಂಟ ಸಣ್ಣದಾದಂತೆ ಕಂಡರೆ ಆ ಬೋಲ್ಟು ಎಳೆದು ಉದ್ದವಾಗಿದೆ ಎಂದರ್ಥ; ಪಿಚ್ ಗೇಜಿನ ಎಲೆ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಮೇಲೆದ್ದರೂ ಅದೇ ಅರ್ಥ. ತುಕ್ಕು ಗುಳಿ ಕೊರೆದಿದ್ದರೆ ಆಯಸ್ಸು ತೀರಿತು. ಸ್ಪ್ಲಿಟ್ ಪಿನ್ನುಗಳನ್ನು ಎರಡನೆಯ ಸಲ ಬಳಸುವುದು ಜಿಪುಣತನವಲ್ಲ, ಅವಿವೇಕ. ನಿವೃತ್ತ ಬೋಲ್ಟುಗಳಿಗೆ ಮಿತ್ರರು ಗಾಜಿನ ಭರಣಿಯೊಂದನ್ನು ತಂದಿಟ್ಟಿದ್ದಾರೆ. ಆ 3/8 ವಿಟ್‌ವರ್ತ್ ಅದರ ಮೇಲ್ಭಾಗದಲ್ಲಿದೆ.

ಶುಚಿಯಾದ ಉಕ್ಕು ಮುಂಬಯಿಯ ಮಳೆಗಾಲದ ಗಾಳಿಗೆ ಒಂದೇ ರಾತ್ರಿಯಲ್ಲಿ ಕೆಂಪಡರುತ್ತದೆ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ತೆಳುವಾಗಿ ಎಣ್ಣೆ ಸವರಿಡಬೇಕು. ಸಪ್ಪೆ ಉಕ್ಕಿನವಕ್ಕೆ ಸತುವಿನ ಲೇಪ ಮಾಡಿಸಬಹುದು. ಮರುಜೋಡಣೆಯಲ್ಲಿ ಎಳೆಗಳಿಗೆ ಬಣ್ಣ ತಾಗದಂತೆ ಕಾಗದದ ಪಟ್ಟಿ ಸುತ್ತುವುದು ಒಳಿತು. ಚಕ್ರದ ನಟ್ಟುಗಳನ್ನು ಮೊದಲ 50 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯತಕ್ಕದ್ದು.

ಎಂಜಿನ್ನು ಇನ್ನೂ ಮಾತಾಡಿಲ್ಲ. ಸಿಲಿಂಡರ್ ಹೆಡ್ಡಿನ ಸ್ಟಡ್ಡುಗಳಲ್ಲಿ ಎರಡು ಒಳಗೇ ಮುರಿದಿವೆ; ಅವನ್ನು ಕೊರೆದು ತೆಗೆಯಬಲ್ಲ ವೃದ್ಧ ಮಿಸ್ತ್ರಿಯೊಬ್ಬರು ಠಾಣೆಯಲ್ಲಿ ಸಿಕ್ಕಿದ್ದಾರೆ. ಉಗುರನ್ನು ಎಳೆಗಳ ಮೇಲೆ ಓಡಿಸಿ ಬಿ.ಎಸ್.ಎಫ್. ಯಾವುದು, ಯು.ಎನ್.ಎಫ್. ಯಾವುದೆಂದು ಕಣ್ಣುಮುಚ್ಚಿ ಹೇಳುತ್ತಾರೆ. ನಾನು ಗೇಜಿನಿಂದ ಪರೀಕ್ಷಿಸಿದ ಎಂಟರಲ್ಲಿ ಎಂಟೂ ಸರಿಯಿದ್ದವು. ಮುಂದಿನ ಭಾನುವಾರ ಅವರು ಬರುವವರಿದ್ದಾರೆ. ಹಿರಿಯರು ಅಂದು ಬೆಳಗ್ಗೆ ಏಳಕ್ಕೇ ಸಿದ್ಧವಾಗಿರುವೆನೆಂದು ಹೇಳಿಕಳುಹಿಸಿದ್ದಾರೆ.